50,000 ಲೈನ್ ಭತ್ತ, 53 ಪದ

ಭತ್ತದ ದಂಟನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಬಳುಕುತ್ತದೆ, ಸೀಳುತ್ತದೆ, ನಾರು ನಾರಾಗಿ ಜೋತುಬೀಳುತ್ತದೆ, ಆದರೆ ಅಷ್ಟು ಸಲೀಸಾಗಿ ಎರಡು ತುಂಡಾಗುವುದಿಲ್ಲ. ಹುಲ್ಲಿನ ಹೊರೆಯನ್ನು ಅದೇ ಹುಲ್ಲಿನ ಹುರಿಯಿಂದ ಬಿಗಿಯಲು ಆಗುವುದು ಈ ಗುಣದಿಂದಲೇ. ಜಪಾನಿನ ತ್ಸುಕುಬಾದಲ್ಲಿ ಬೆಳೆಸಿದ ಕೆಲವು ಗಿಡಗಳಿಗೆ ಈ ಗುಣವೇ ಇರಲಿಲ್ಲ. ಬಗ್ಗಿಸಿದರೆ ಒಣಕಡ್ಡಿಯ ಹಾಗೆ ಪಟ್ಟನೆ ಮುರಿಯುತ್ತಿದ್ದವು. ನೋಡಲು ಹಸಿರಾಗಿದ್ದವು, ನಿಂತಿದ್ದವು. ಕೈಗೆ ಸಿಕ್ಕಾಗಲೇ ಕೊರತೆ ಗೊತ್ತಾಗುತ್ತಿತ್ತು.

ಇಂಥ ಮೂರು ಬಗೆಯ ‘ಮುರುಕು ದಂಟಿ’ನ ಮೂಲ 2003ರಲ್ಲಿ ಬಯಲಾಯಿತು. ಸೆಲ್ಯುಲೋಸ್ ನೇಯುವ ಕಿಣ್ವದ ಮೂರು ಜೀನ್‌ಗಳು, ಓಎಸ್‌ಸೆಸ್‌ಎ4, 7 ಮತ್ತು 9. ಮೂರರಲ್ಲಿ ಯಾವುದೇ ಒಂದು ಪೂರ್ತಿ ಕೆಟ್ಟರೂ ದಂಟಿನ ಸೆಲ್ಯುಲೋಸ್ ಮಾಮೂಲಿ ಗಿಡದ ಶೇ. 8.9ರಿಂದ 25.5ರ ಮಟ್ಟಕ್ಕೆ ಕುಸಿಯುತ್ತಿತ್ತು. ಒಂದರ ಕೆಲಸವನ್ನು ಇನ್ನೊಂದು ತುಂಬಿಕೊಡುತ್ತಿರಲಿಲ್ಲ.

ಕೈಗೆ ತಿಳಿದ ಒಂದು ‘ಪಟ್’ ಶಬ್ದ ಜೀನ್‌ನ ವಿಳಾಸವಾಗಿ ಬದಲಾಗಲು ನಡುವೆ ಒಂದು ದೊಡ್ಡ ದಾಸ್ತಾನು ಬೇಕಾಯಿತು, ಬೀಜದ್ದು ಮತ್ತು ಮಾಹಿತಿಯದ್ದು. ತ್ಸುಕುಬಾದ ರಾಷ್ಟ್ರೀಯ ಕೃಷಿಜೀವವಿಜ್ಞಾನ ಸಂಸ್ಥೆ ಕಟ್ಟಿದ ‘ಟಾಸ್17 ಮ್ಯೂಟೆಂಟ್ ಪ್ಯಾನೆಲ್’ ಎಂಬ ಡೇಟಾಬೇಸನ್ನು ಈ ಪ್ರಕರಣಕ್ಕೆ ಆರಿಸಿಕೊಂಡಿದ್ದೇನೆ. ಭತ್ತದ ಮ್ಯೂಟೆಂಟ್‌ಗಳ, ಅಂದರೆ ಜೀನ್ ಬದಲಾದ ಗಿಡಗಳ, ಸಂಗ್ರಹಗಳು ಜಗತ್ತಿನಲ್ಲಿ ಹಲವಿವೆ, ಇದಕ್ಕಿಂತ ದೊಡ್ಡವೂ ಇವೆ. ಆದರೆ ಕಣ್ಣಿಗೆ ಕಂಡ ಲಕ್ಷಣವನ್ನೂ ಡಿಎನ್‌ಎಯ ಗುರುತನ್ನೂ ಒಂದೇ ಸೂರಿನಡಿ ಇಟ್ಟಾಗ ಸಿಗುವ ಲಾಭ ಏನು, ಬೀಳುವ ಮೋಸ ಎಂಥದು ಎನ್ನುವುದು ಇಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆ ಕಡೆ ಕಾಣುವುದಿಲ್ಲ.

ಮಲಗಿದ್ದವನನ್ನು ಎಬ್ಬಿಸಿದ್ದು

ಟಾಸ್17 ಭತ್ತದ ಸ್ವಂತ ಆಸ್ತಿ, ಹೊರಗಿನಿಂದ ತಂದದ್ದಲ್ಲ. ಅದೊಂದು ರೆಟ್ರೊಟ್ರಾನ್ಸ್‌ಪೋಸಾನ್. ತನ್ನದೇ ನಕಲು ತೆಗೆದು ಆ ನಕಲನ್ನು ಜೀನೋಮಿನ ಇನ್ನೊಂದು ಕಡೆ ತೂರಿಸುವ ಡಿಎನ್‌ಎ ತುಂಡು, ಸುಮಾರು 4,100 ಅಕ್ಷರದಷ್ಟು ಉದ್ದ. ನಿಪ್ಪೋನ್‌ಬಾರೆ ಎಂಬ ಜಪಾನಿ ತಳಿಯಲ್ಲಿ ಇದರ ಎರಡೇ ಪ್ರತಿಗಳಿವೆ, ಗದ್ದೆಯಲ್ಲಿ ಬೆಳೆಯುವ ಗಿಡದಲ್ಲಿ ಅವು ಗಪ್‌ಚಿಪ್. ಹಿರೋಹಿಕೋ ಹಿರೋಚಿಕಾ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ್ದೇನೆಂದರೆ, ಭತ್ತದ ಜೀವಕೋಶಗಳನ್ನು ಅಂಗಾಂಶ ಕೃಷಿಗೆ ಹಾಕಿ ಕ್ಯಾಲಸ್ ಎಂಬ, ಬೇರು-ಎಲೆ ಎಂದು ಬೇರ್ಪಡದ ಮುದ್ದೆಯಾಗಿ ಬೆಳೆಸಿದರೆ ಈ ತುಂಡು ಎಚ್ಚರಗೊಂಡು ನಕಲಾಗತೊಡಗುತ್ತದೆ. ಕೃಷಿ ಮಾಧ್ಯಮದಲ್ಲಿ ಹೆಚ್ಚು ದಿನ ಇಟ್ಟಷ್ಟೂ ಹೆಚ್ಚು ನಕಲು. ಮುದ್ದೆಯಿಂದ ಮತ್ತೆ ಗಿಡ ಎಬ್ಬಿಸಿದಿರೋ, ಅದು ಮರಳಿ ಮಲಗುತ್ತದೆ. ನಕಲುಗಳು ಕೂತಲ್ಲೇ ಕೂತಿರುತ್ತವೆ, ತಲೆಮಾರಿನಿಂದ ತಲೆಮಾರಿಗೆ ಅಲ್ಲಾಡದೆ ಸಾಗುತ್ತವೆ.

ಜೀನ್‌ನ ನಡುವೆ ನಕಲೊಂದು ಕೂತರೆ ಆ ಜೀನ್ ಕೆಡುತ್ತದೆ. ಕೆಡಿಸಿದವನ ಗುರುತು ಅಲ್ಲೇ ಉಳಿದಿರುತ್ತದೆ. ಟಾಸ್17ರ ಅಕ್ಷರಗಳು ಗೊತ್ತಿರುವುದರಿಂದ ಅದರ ಅಂಚಿಗೆ ಅಂಟಿಕೊಂಡ ಡಿಎನ್‌ಎಯನ್ನು ಓದಿದರಾಯಿತು, ಕೆಟ್ಟದ್ದು ಯಾವ ಜೀನ್ ಎಂದು ತಿಳಿಯುತ್ತದೆ. ಈ ಅಂಚಿನ ಓದನ್ನು ಪಾರ್ಶ್ವ ಅನುಕ್ರಮ ಎನ್ನೋಣ.

ಇನ್ನೊಂದು ಅನುಕೂಲ ತಾಂತ್ರಿಕವಲ್ಲ, ಕಾನೂನಿನದ್ದು. ನನ್ನ ಮಟ್ಟಿಗೆ ಇಡೀ ಕೆಲಸ ಕೈಗೂಡಿದ್ದೇ ಇದರಿಂದ. ಕೊರಿಯಾ, ಚೀನಾ, ತೈವಾನ್, ಫ್ರಾನ್ಸ್‌ನ ಗುಂಪುಗಳು ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಹೊರಗಿನ ಡಿಎನ್‌ಎ ತುಂಡಾದ ಟಿ-ಡಿಎನ್‌ಎ ಸೇರಿಸಿ ಮ್ಯೂಟೆಂಟ್ ಮಾಡಿದವು. ಅವೆಲ್ಲ ಕುಲಾಂತರಿ ಗಿಡಗಳು, ಬಯಲು ಗದ್ದೆಗೆ ಇಳಿಸುವುದು ಸುಲಭವಲ್ಲ. ಟಾಸ್17 ಲೈನ್‌ಗಳಲ್ಲಿ ಪರಕೀಯ ಡಿಎನ್‌ಎ ಇಲ್ಲವೇ ಇಲ್ಲ (ಮುದ್ದೆಯಿಂದ ಎದ್ದ ಒಂದು ಗಿಡ ಮತ್ತು ಅದರ ಸಂತತಿ ಸೇರಿ ಒಂದು ಲೈನ್). ಹಾಗಾಗಿ ಸಾವಿರಾರು ಲೈನ್‌ಗಳನ್ನು ಮಾಮೂಲಿ ಭತ್ತದ ಹಾಗೆ ನಾಟಿ ಮಾಡಿ, ಬದುವಿನ ಮೇಲೆ ನಿಂತು ನೋಡಲು ಸಾಧ್ಯವಾಯಿತು.

ಅಕಿಯೋ ಮಿಯಾವೊ ಮತ್ತಿತರರ 2003ರ ವರದಿಯ ಹೊತ್ತಿಗೆ 47,196 ಲೈನ್‌ಗಳು ಸಿದ್ಧವಾಗಿದ್ದವು. ಅವುಗಳಲ್ಲಿ ಒಟ್ಟು ಸುಮಾರು 5,00,000 ಹೊಸ ನಕಲುಗಳು, ಅಂದರೆ ಲೈನ್ ಒಂದಕ್ಕೆ ಸರಾಸರಿ ಹತ್ತು. ಜೀನ್ ಇಲ್ಲದ ಜಾಗಕ್ಕಿಂತ ಜೀನ್ ಇರುವ ಜಾಗದಲ್ಲಿ ಅವು ಮೂರು ಪಟ್ಟು ಹೆಚ್ಚು ಕೂತಿದ್ದವು. ಸಂಶೋಧಕರಿಗೆ ಇದಕ್ಕಿಂತ ಇನ್ನೇನು ಬೇಕು! ಆದರೆ ಪಾರ್ಶ್ವ ಅನುಕ್ರಮ ಓದಿ ಮುಗಿದಿದ್ದು 4,316 ಲೈನ್‌ಗಳದ್ದು ಮಾತ್ರ. ಅದೇ 42,000ಕ್ಕೂ ಹೆಚ್ಚು ಅನುಕ್ರಮಗಳಾಗಿತ್ತು. ಕಣ್ಣಿನ ಓದಿಗಿಂತ ಡಿಎನ್‌ಎ ಓದು ಆಗ ಬಹಳ ದುಬಾರಿ.

ಬದುವಿನ ಮೇಲಿನ ಪದಕೋಶ

2007ರಲ್ಲಿ ಕಣ್ಣಿನ ಓದಿನ ಲೆಕ್ಕ ಹೊರಬಂತು. ಸುಮಾರು 50,000 ಲೈನ್‌ಗಳ ಎರಡನೇ ತಲೆಮಾರನ್ನು ಗದ್ದೆಯಲ್ಲಿ ಬೆಳೆಸಿ, ಪ್ರತಿ ಲೈನನ್ನೂ 53 ಲಕ್ಷಣಪದಗಳಿಂದ ಗುರುತಿಸಿ, ಫೋಟೊ ಸಮೇತ ಡೇಟಾಬೇಸಿಗೆ ಏರಿಸಿದ್ದರು. ಎರಡನೇ ತಲೆಮಾರೇ ಯಾಕೆಂದರೆ, ಕ್ಯಾಲಸ್‌ನಿಂದ ಎದ್ದ ಮೊದಲ ಗಿಡದಲ್ಲಿ ಜೀನ್‌ನ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದು ದೋಷವನ್ನು ಮುಚ್ಚಿಡುತ್ತದೆ. ಅದರ ಬೀಜ ಬಿತ್ತಿದಾಗ ಮೆಂಡೆಲ್ ಲೆಕ್ಕದಂತೆ ನಾಲ್ಕರಲ್ಲಿ ಒಂದು ಸಸಿಯಲ್ಲಿ ದೋಷ ಬಯಲಿಗೆ ಬರುತ್ತದೆ. ಹತ್ತೇ ಸಸಿ ನೆಟ್ಟರೆ ಒಂದೂ ಕಾಣದೆ ತಪ್ಪಿಹೋಗುವ ಸಂಭವ ಶೇ. 5.6. ಇಪ್ಪತ್ತು ನೆಟ್ಟರೆ ಶೇ. 0.3.

50,000 ಲೈನ್‌ಗಳನ್ನು ಹೀಗೆ ನೋಡುವುದೆಂದರೆ ಒಬ್ಬರ ಕೆಲಸವಲ್ಲ, ಒಂದು ವಾರದ ಕೆಲಸವೂ ಅಲ್ಲ. ಹತ್ತು ಜನ ಹತ್ತು ಬಗೆಯಲ್ಲಿ ಬರೆದರೆ ಕೊನೆಗೆ ಹುಡುಕಲು ಏನೂ ಸಿಗುವುದಿಲ್ಲ. ಒಬ್ಬ ‘ತಿಳಿಹಸಿರು’ ಎಂದದ್ದನ್ನು ಇನ್ನೊಬ್ಬ ‘ಹಳದಿ’ ಎನ್ನುತ್ತಾನೆ, ಮಟಮಟ ಮಧ್ಯಾಹ್ನ ಬಿಳಚಿ ಕಂಡ ಎಲೆ ಸಂಜೆಗೆ ಹಸಿರಾಗಿ ಕಾಣುತ್ತದೆ. ಅದಕ್ಕೇ ಪದಗಳನ್ನು ಮೊದಲೇ ಕಟ್ಟಿಹಾಕಬೇಕು. ಬಿಳಿಚು, ಹಳದಿ, ತಿಳಿಹಸಿರು, ಕಡುಹಸಿರು, ಉದ್ದಪಟ್ಟೆ, ಜೀಬ್ರಾದಂಥ ಅಡ್ಡಪಟ್ಟೆ, ಅಗಲ ಎಲೆ, ಕಿರಿದೆಲೆ, ಸುರುಳಿ ಎಲೆ, ಜೋತ ಎಲೆ, ಕುಳ್ಳು, ಅತಿ ಕುಳ್ಳು, ಬೇಗ ತೆನೆ, ತಡ ತೆನೆ, ತೆನೆಯೇ ಇಲ್ಲ, ಇಂಥ ಪದಗಳು.

ನಮ್ಮ ಕಡೆಯ ರೈತರ ಬಳಿ ಇದಕ್ಕೆಲ್ಲ ಸ್ವಂತ ಪದಗಳಿವೆ ಎನ್ನುವುದನ್ನು ಇಲ್ಲಿ ನೆನೆಯದಿರಲು ಆಗುವುದಿಲ್ಲ. ತೆಂಡೆ, ಹೊಡೆ, ಜೊಳ್ಳು, ಅರೆಜೊಳ್ಳು. ಕೃಷಿ ವಿಜ್ಞಾನದ ಪಾಠದಲ್ಲಿ ಇವೇ ಪದಗಳು ಇಂಗ್ಲಿಷಿನಲ್ಲಿ ಬಂದಾಗ ವಿದ್ಯಾರ್ಥಿಗಳು ಹೊಸದೇನೋ ಎಂಬಂತೆ ಬಾಯಿಪಾಠ ಮಾಡುತ್ತಾರೆ. ಅದು ಇರಲಿ.

ಆ 53ರಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ದಾಖಲಾದದ್ದು ‘ಕಡಿಮೆ ಕಾಳುಕಟ್ಟುವಿಕೆ’, ನಂತರದ್ದು ‘ಕುಳ್ಳು’. ಇದರಲ್ಲಿ ಆಶ್ಚರ್ಯವಿಲ್ಲ. ಹೂವಿನ ಮೊಗ್ಗಿನಿಂದ ಕಾಳು ತುಂಬುವವರೆಗೆ ಎಲ್ಲಿ ಎಡವಿದರೂ ಫಲಿತಾಂಶ ಒಂದೇ, ಜೊಳ್ಳು. ಪದ ಒಂದೇ ಆದ ಮಾತ್ರಕ್ಕೆ ಕಾಯಿಲೆ ಒಂದೇ ಆಗುವುದಿಲ್ಲ. ಟಾಸ್17 ಸಂಗ್ರಹದಿಂದಲೇ ಹೊರಬಂದ ಎರಡು ಜೀನ್‌ಗಳನ್ನು ನೋಡಿ. ಒಂದು ಎಂಎಸ್‌ಪಿ1. ಪರಾಗಕೋಶದಲ್ಲಿ ಎಷ್ಟು ಜೀವಕೋಶಗಳು ಬೀಜಕಣ ತಯಾರಿಯ ಹಾದಿ ಹಿಡಿಯಬೇಕು ಎಂಬುದಕ್ಕೆ ಅದು ಕಡಿವಾಣ. ಕಡಿವಾಣ ತಪ್ಪಿದರೆ ಬೇಕಾದ್ದಕ್ಕಿಂತ ಹೆಚ್ಚು ಕೋಶಗಳು ಆ ಕೆಲಸಕ್ಕೆ ನುಗ್ಗಿ ಎಲ್ಲವೂ ಹಾಳು. ಇನ್ನೊಂದು ಪೇರ್1. ಕೋಶಗಳ ಸಂಖ್ಯೆ ಸರಿಯಾಗೇ ಇರುತ್ತದೆ, ಆದರೆ ಜೋಡಿ ವರ್ಣತಂತುಗಳು ಒಂದನ್ನೊಂದು ಕೂಡಿಕೊಳ್ಳುವುದೇ ಇಲ್ಲ. ಬದುವಿನ ಮೇಲಿಂದ ನೋಡುವವನಿಗೆ ಎರಡೂ ಬರಿಯ ಜೊಳ್ಳು ತೆನೆ. ಆದ್ದರಿಂದ ಈ ಪದಪಟ್ಟಿಯನ್ನು ರೋಗದ ಹೆಸರೆಂದು ಓದಬಾರದು, ರೋಗಿ ಹೇಳಿಕೊಂಡ ದೂರು ಎಂದು ಓದಬೇಕು.

ಒಂದೇ ಸಾಲಿನಲ್ಲಿ ಕೂತವರು

ಈಗ ಪ್ರಕರಣದ ತಿರುಳಿಗೆ ಬರುತ್ತೇನೆ. 2007ರ ವರದಿಯಲ್ಲೇ ಒಂದು ವಾಕ್ಯವಿದೆ: ಹತ್ತಿರಹತ್ತಿರ ಅರ್ಧದಷ್ಟು ಲೈನ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಲಕ್ಷಣಗಳು ಕಂಡವು. ಡೇಟಾಬೇಸ್ ತೆರೆದು ನೋಡುವವನ ಮುಂದೆ ಇದು ಹೇಗೆ ಕಾಣುತ್ತದೆ? ಒಂದು ಲೈನ್ ಸಂಖ್ಯೆ, ಅದರ ಮುಂದೆ ‘ಕುಳ್ಳು’, ‘ತಿಳಿಹಸಿರು’ ಎಂದು ಎರಡು ಪದ, ಒಂದು ಫೋಟೊ, ಕೆಳಗೆ ಟಾಸ್17 ಕೂತ ಹತ್ತು ಜಾಗಗಳ ಪಟ್ಟಿ. ಓದುವ ಮನಸ್ಸು ತಾನಾಗಿಯೇ ಗೆರೆ ಎಳೆಯತೊಡಗುತ್ತದೆ: ಈ ಹತ್ತರಲ್ಲಿ ಯಾವುದೋ ಒಂದು ಜೀನ್ ಕೆಟ್ಟಿದ್ದರಿಂದ ಗಿಡ ಕುಳ್ಳೂ ಆಯಿತು, ಬಿಳಚಿಯೂ ಹೋಯಿತು.

ಎರಡು ಕಡೆ ಎಡವುವ ಜಾಗವಿದೆ. ಮೊದಲನೆಯದು, ದಾಖಲೆ ಲೈನಿನದು, ಗಿಡದ್ದಲ್ಲ. ಇಪ್ಪತ್ತು ಸಸಿಗಳಲ್ಲಿ ಐದು ಕುಳ್ಳು, ಐದು ತಿಳಿಹಸಿರು ಎಂದುಕೊಳ್ಳಿ. ಎರಡಕ್ಕೂ ಕಾರಣ ಒಂದೇ ಆಗಿದ್ದರೆ ಆ ಐದೂ ಅವೇ ಸಸಿಗಳಾಗಿರಬೇಕು. ಕಾರಣ ಬೇರೆಬೇರೆಯಾಗಿದ್ದರೆ ಎರಡೂ ಲಕ್ಷಣ ಒಟ್ಟಿಗಿರುವುದು ಹದಿನಾರರಲ್ಲಿ ಒಂದರಲ್ಲಿ, ಅಂದರೆ ಇಪ್ಪತ್ತರಲ್ಲಿ ಹೆಚ್ಚುಕಡಿಮೆ ಒಂದೇ ಒಂದು ಸಸಿಯಲ್ಲಿ. ಗದ್ದೆಯಲ್ಲಿ ನಿಂತವನಿಗೆ ಈ ವ್ಯತ್ಯಾಸ ಅರೆಗಳಿಗೆಯಲ್ಲಿ ತಿಳಿಯುತ್ತದೆ. ಲೈನ್ ಮಟ್ಟದ ದಾಖಲೆಯಲ್ಲಿ ಎರಡು ಪದ ಅಕ್ಕಪಕ್ಕ ಕೂತ ಕ್ಷಣ ಅದು ಅಳಿಸಿಹೋಗುತ್ತದೆ. ನನ್ನನ್ನು ಕೇಳಿದರೆ 54ನೇ ಲಕ್ಷಣಪದ ಸೇರಿಸುವುದಕ್ಕಿಂತ ‘ಇಷ್ಟು ಸಸಿಯಲ್ಲಿ ಇಷ್ಟು’ ಎಂಬ ಎರಡು ಅಂಕಿಯ ಅಂಕಣ ಹತ್ತು ಪಟ್ಟು ಬೆಲೆಬಾಳುತ್ತದೆ.

ಎರಡನೆಯದು ಇನ್ನೂ ಆಳದ್ದು. ಅಂಗಾಂಶ ಕೃಷಿ ಎಬ್ಬಿಸುವುದು ಟಾಸ್17 ಒಂದನ್ನೇ ಅಲ್ಲ. ಕ್ಯಾಲಸ್ ಸ್ಥಿತಿಯಲ್ಲಿ ಜೀನೋಮಿನ ಅಲ್ಲಲ್ಲಿ ಒಂದೊಂದು ಅಕ್ಷರ ಬದಲಾಗುತ್ತದೆ, ಸಣ್ಣಪುಟ್ಟ ತುಂಡುಗಳು ಬಿದ್ದುಹೋಗುತ್ತವೆ. ಈ ಬದಲಾವಣೆಗಳಿಗೆ ಟಾಸ್17ನಂಥ ಗುರುತಿನ ಚೀಟಿ ಇಲ್ಲ. ಮಿಯಾವೊ ಅವರ ತಂಡವೇ 2012ರಲ್ಲಿ ಇಂಥ ಗಿಡಗಳ ಇಡೀ ಜೀನೋಮ್ ಓದಿ ಈ ಅಡಗಿದ ಬದಲಾವಣೆಗಳನ್ನು ಪ್ರಕಟಿಸಿತು. ಕಂಡ ಲಕ್ಷಣಗಳಲ್ಲಿ ಟಾಸ್17ರಿಂದಲೇ ಆದವು ಶೇ. 5ರಿಂದ 10ರಷ್ಟು ಮಾತ್ರ ಎಂಬುದು ಕ್ಷೇತ್ರದಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಅಂದರೆ ಡೇಟಾಬೇಸಿನ ಒಂದೇ ಸಾಲಿನಲ್ಲಿ ಲಕ್ಷಣವೂ ಟಾಸ್17 ಜಾಗವೂ ಇದ್ದರೆ, ಹತ್ತರಲ್ಲಿ ಒಂಬತ್ತು ಸಲ ಅವು ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರು. ಟಿಕೆಟ್ ಒಟ್ಟಿಗೆ ತೆಗೆದಿರಬಹುದು, ಊರು ಬೇರೆ.

ಇದನ್ನು ಡೇಟಾಬೇಸಿನ ಸೋಲು ಎಂದು ನಾನು ಬರೆಯಲಾರೆ. ಕಟ್ಟಿದವರು ಸಂಬಂಧ ಇದೆ ಎಂದು ಎಲ್ಲೂ ಹೇಳಲಿಲ್ಲ, ಎರಡು ಸಂಗತಿಗಳನ್ನು ಒಂದು ಕಡೆ ಇಟ್ಟರು, ಅಷ್ಟೆ. ತಪ್ಪು ಆಗುವುದು ಬಳಸುವವರ ಅವಸರದಲ್ಲಿ. ಸಂಬಂಧ ಸಾಬೀತಾಗಬೇಕಾದರೆ ಮೂರು ದಾರಿ. ಸಸಿ ಸಸಿಯಲ್ಲೂ ಟಾಸ್17 ಜಾಗವನ್ನು ಪಿಸಿಆರ್ (ಆಯ್ದ ಡಿಎನ್‌ಎ ತುಂಡನ್ನು ನಕಲು ಮಾಡಿ ಗುರುತಿಸುವ ವಿಧಾನ) ಮಾಡಿ, ಎರಡೂ ಪ್ರತಿ ಕೆಟ್ಟ ಸಸಿಗಳೇ ಲಕ್ಷಣ ತೋರುತ್ತಿವೆಯೇ ಎಂದು ತಾಳೆ ನೋಡುವುದು. ಅದೇ ಜೀನ್ ಕೆಟ್ಟ ಇನ್ನೊಂದು ಸ್ವತಂತ್ರ ಲೈನಿನಲ್ಲೂ ಅದೇ ಲಕ್ಷಣವಿದೆಯೇ ಎಂದು ಹುಡುಕುವುದು. ಸರಿಯಾದ ಜೀನನ್ನು ಮರಳಿ ಸೇರಿಸಿ ಗಿಡ ಚೇತರಿಸಿಕೊಳ್ಳುತ್ತದೆಯೇ ಎಂದು ನೋಡುವುದು. 50,000 ಲೈನ್‌ಗಳ ದಾಸ್ತಾನಿನ ಅಸಲಿ ಬಲ ಇರುವುದು ಎರಡನೆಯ ದಾರಿಯಲ್ಲಿ. ಒಂದು ಲೈನ್ ಸುಳ್ಳು ಹೇಳಬಹುದು, ಒಂದೇ ಜೀನ್ ಕೆಟ್ಟ ಮೂರು ಲೈನ್‌ಗಳು ಒಂದೇ ಸುಳ್ಳು ಹೇಳುವುದು ಅಪರೂಪ.

ತೆನೆಯಲ್ಲೇ ಮೊಳಕೆ

ಕಣ್ಣಿನ ಓದು ಗೆದ್ದ ಪ್ರಸಂಗವೊಂದನ್ನು ಹೇಳಲೇಬೇಕು. ಕೊಯ್ಲಿಗೆ ಬಂದ ಭತ್ತದ ಮೇಲೆ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ ಒಡೆಯುವುದನ್ನು ಮಲೆನಾಡು, ಕರಾವಳಿಯವರು ಬಲ್ಲರು. ಮಳೆ ಹಿಡಿಯದೆಯೂ, ಕಾಳು ಪೂರಾ ಬಲಿಯುವ ಮೊದಲೇ ಹಾಗೆ ಮೊಳೆಯುವ ಟಾಸ್17 ಲೈನ್‌ಗಳು ಸಿಕ್ಕವು. ಬೀಜಕ್ಕೆ ‘ತಾಳು, ಈಗಲ್ಲ’ ಎಂದು ಹೇಳುವುದು ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನ್. 2001ರಲ್ಲಿ ಇಂಥ ಒಂದು ಲೈನಿನಲ್ಲಿ ಟಾಸ್17 ಕೂತಿದ್ದು ಆ ಹಾರ್ಮೋನ್ ತಯಾರಿಯ ಹಾದಿಯಲ್ಲಿರುವ ಜಿಯಾಕ್ಸಾಂಥಿನ್ ಇಪಾಕ್ಸಿಡೇಸ್ ಜೀನಿನಲ್ಲಿ ಎಂದು ಗೊತ್ತಾಯಿತು. ಎಲೆಯ ರಂಧ್ರ ಮುಚ್ಚಿ ನೀರು ಹಿಡಿದಿಡಲು ಹೇಳುವುದೂ ಅದೇ ಹಾರ್ಮೋನ್, ಆದ್ದರಿಂದ ಅದು ಇಲ್ಲದ ಗಿಡ ಬಾಡುತ್ತದೆ ಕೂಡ. ‘ಮೊಳಕೆ’ ಮತ್ತು ‘ಬಾಡು’, ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಎರಡು ಪದಗಳು ಈ ಸಲ ನಿಜವಾಗಿಯೂ ಒಂದೇ ಮನೆಯವು. ಆದರೆ ಅದೇ ಹುಡುಕಾಟದಲ್ಲಿ ಸಿಕ್ಕ ಇನ್ನೊಂದು ಲೈನ್ ಓಎಸ್‌ಟಾಟ್‌ಸಿ ಎಂಬ, ಯಾರೂ ಊಹಿಸದಿದ್ದ ಜೀನಿನತ್ತ ಬೆರಳು ತೋರಿತು. ಬರಿಯ ಊಹೆಯಿಂದ ಜೀನ್ ಆರಿಸಿಕೊಂಡು ಹೊರಟಿದ್ದರೆ ಅದು ಸಿಗುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಫೈಟೊಕ್ರೋಮ್ ಎ, ಬೆಳಕನ್ನು ಗ್ರಹಿಸುವ ಪ್ರೋಟೀನ್. ಅದು ಕೆಟ್ಟ ಲೈನ್‌ಗಳನ್ನು ಹಿಡಿದದ್ದು ಕಣ್ಣಿನಿಂದಲ್ಲ, ಲೈನ್‌ಗಳ ಡಿಎನ್‌ಎಯನ್ನು ಗುಂಪುಗುಂಪಾಗಿ ಬೆರೆಸಿ ಜರಡಿ ಹಿಡಿದು. ಸಹಜ ಬೆಳಕಿನಲ್ಲಿ ಅವು ಮಾಮೂಲಿ ಭತ್ತದಂತೆಯೇ ಇದ್ದವು. ದೂರಕೆಂಪು ಬೆಳಕಿನಡಿ ಇಟ್ಟಾಗ ಕೊರತೆ ಬಯಲಾಯಿತು. ಬದುವಿನ ಮೇಲೆ ನಿಂತವನು ಇಂಥ ಲೈನಿನ ಮುಂದೆ ಏನು ಬರೆದಾನು? ಏನೂ ಇಲ್ಲ. ಡೇಟಾಬೇಸಿನ ಖಾಲಿ ಖಾನೆಗೆ ಹೀಗೆ ಮೂರು ಅರ್ಥ ಬರುತ್ತದೆ: ನೋಡಿದೆ, ಇರಲಿಲ್ಲ; ನೋಡಲೇ ಇಲ್ಲ; ಆ ಗದ್ದೆಯ ಸ್ಥಿತಿಯಲ್ಲಿ ಕಾಣುವಂಥದ್ದೇ ಅಲ್ಲ. ಮೂರಕ್ಕೂ ಒಂದೇ ಬಿಳಿ ಜಾಗ.

ವಿಳಾಸ ಬದಲಾಗುತ್ತಿರುತ್ತದೆ

ಭತ್ತದ ಜೀನೋಮಿನ ಅಂತರರಾಷ್ಟ್ರೀಯ ನಕ್ಷೆ 2005ರಲ್ಲಿ ಪ್ರಕಟವಾಯಿತು, ಅದೂ ನಿಪ್ಪೋನ್‌ಬಾರೆಯದ್ದೇ. ಆಮೇಲೆ ತಿದ್ದುಪಡಿಗಳು ಬಂದವು, 2013ರಲ್ಲಿ ಎರಡು ಗುಂಪುಗಳು ಸೇರಿ ಒಂದೇ ಪರಿಷ್ಕೃತ ಆವೃತ್ತಿ ಕೊಟ್ಟವು. ಪ್ರತಿ ತಿದ್ದುಪಡಿಗೂ ಜೀನಿನ ಮನೆ ನಂಬರ್ ಅತ್ತಿತ್ತ ಸರಿಯುತ್ತದೆ. ಹಸಿರು ಕ್ರಾಂತಿಯ ಐಆರ್8 ತಳಿಯನ್ನು ಕುಳ್ಳಾಗಿಸಿದ ಎಸ್‌ಡಿ1 ಜೀನನ್ನೇ ತೆಗೆದುಕೊಳ್ಳಿ. ಜಪಾನಿನ ಪಟ್ಟಿಯಲ್ಲಿ ಅದು ಓಎಸ್01ಜಿ0883800, ಅಮೆರಿಕದ ಪಟ್ಟಿಯಲ್ಲಿ ಎಲ್‌ಒಸಿ_ಓಎಸ್01ಜಿ66100. ಒಂದೇ ಆಳಿಗೆ ಎರಡು ರೇಷನ್ ಕಾರ್ಡ್. ಮಿಶಿಮಾದ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆಯ ಒರೈಝಾಬೇಸ್‌ನಂಥ ತಾಣಗಳು ಈ ಹೆಸರುಗಳನ್ನೆಲ್ಲ ಒಂದೇ ಪುಟಕ್ಕೆ ತಂದು ಕಟ್ಟುವ ಕೆಲಸವನ್ನು ತಾಳ್ಮೆಯಿಂದ ಮಾಡುತ್ತ ಬಂದಿವೆ. ಟಾಸ್17 ಪ್ಯಾನೆಲ್ ಮೂಲ ಪಾರ್ಶ್ವ ಅನುಕ್ರಮವನ್ನೇ ಇಟ್ಟುಕೊಂಡದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಕ್ಷರಗಳು ಕೈಯಲ್ಲಿದ್ದರೆ ಯಾವ ಹೊಸ ನಕ್ಷೆಯ ಮೇಲೂ ಮತ್ತೆ ಕೂರಿಸಬಹುದು. ಬರಿಯ ಮನೆ ನಂಬರ್ ಬರೆದಿಟ್ಟಿದ್ದರೆ ಬೀದಿಯ ಹೆಸರು ಬದಲಾದ ದಿನವೇ ಅದು ರದ್ದಿ.

ಬೇರೆ ದಾರಿ ಹಿಡಿದವರು

ಗುರುತಿನ ಚೀಟಿ ಇಲ್ಲದ ಬದಲಾವಣೆಗಳ ಕಾಟಕ್ಕೆ ಕ್ಯಾಲಿಫೋರ್ನಿಯಾದ ಗುಂಪೊಂದು ನೇರ ಉತ್ತರ ಕೊಟ್ಟಿತು. ಒಂಬತ್ತೇ ವಾರದಲ್ಲಿ ಬೆಳೆ ಮುಗಿಸುವ ಕಿಟಾಕೆ ತಳಿಗೆ ವೇಗದ ನ್ಯೂಟ್ರಾನ್ ಹಾಯಿಸಿ, 1,504 ಮ್ಯೂಟೆಂಟ್‌ಗಳ ಇಡೀ ಜೀನೋಮನ್ನೇ ಓದಿ 2017ರಲ್ಲಿ ಪ್ರಕಟಿಸಿತು: 91,513 ಬದಲಾವಣೆಗಳು, 32,307 ಜೀನ್‌ಗಳು. ಅಡಗಲು ಜಾಗವೇ ಇಲ್ಲ. ಲೈನ್‌ಗಳ ಸಂಖ್ಯೆ ತ್ಸುಕುಬಾದ ಮೂರು ಶೇಕಡಾ. ಓದುವ ಖರ್ಚು ಇಳಿದ ಮೇಲೆ ಲೆಕ್ಕ ಹೀಗೆ ತಿರುಗಿತು.

ಭಾರತದ ದಾರಿ ಮತ್ತೊಂದು. ಬರ ಮತ್ತು ಬಿಸಿಲು ತಾಳುವ ನಗೀನಾ 22 ತಳಿಗೆ ಇಎಂಎಸ್ ರಾಸಾಯನಿಕ ಹಾಕಿ, ಹಲವು ಸಂಸ್ಥೆಗಳು ಸೇರಿ 22,000ಕ್ಕೂ ಹೆಚ್ಚು ಲೈನ್ ಮಾಡಿದವು. ದೆಹಲಿ, ಹೈದರಾಬಾದ್, ಕೊಯಮತ್ತೂರು, ಲೂಧಿಯಾನದ ಜತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಇದರಲ್ಲಿತ್ತು. ಇಎಂಎಸ್ ಯಾವ ಗುರುತನ್ನೂ ಉಳಿಸುವುದಿಲ್ಲ, ಒಂದಕ್ಷರ ತಿದ್ದಿ ಹೊರಟುಹೋಗುತ್ತದೆ. ಹಾಗಾಗಿ ಇಲ್ಲಿ ಎಲ್ಲ ಭಾರ ಲಕ್ಷಣದ ಮೇಲೆ. ಕೊಯಮತ್ತೂರಿನವರು ಲಕ್ಷಣವನ್ನು ಪದದಿಂದ ಕೇಳಲಿಲ್ಲ, ಕಳೆನಾಶಕದಿಂದ ಕೇಳಿದರು. ಇಮಾಜೆಥಾಪಿರ್ ಸಿಂಪಡಿಸಿದ ಗದ್ದೆಯಲ್ಲಿ ಸಾಯದೆ ಉಳಿದ ಗಿಡದಿಂದ ಬಂದ ಗುಣ ಈಗ 2021ರಲ್ಲಿ ಬಿಡುಗಡೆಯಾದ ಪೂಸಾ ಬಾಸ್ಮತಿ 1979 ಮತ್ತು 1985 ತಳಿಗಳಲ್ಲಿದೆ. ಸತ್ತಿತೋ ಬದುಕಿತೋ ಎಂಬ ಪ್ರಶ್ನೆಗೆ ತಿಳಿಹಸಿರು–ಹಳದಿಯ ಜಗಳವಿಲ್ಲ.

ತ್ಸುಕುಬಾದ ಬೀಜಗಳ ವಿಷಯಕ್ಕೆ ಮರಳಿದರೆ, ಡೇಟಾಬೇಸಿನಲ್ಲಿ ‘ಮುರುಕು ದಂಟು’ ಎಂದಿರುವ ಲೈನನ್ನು ಯಾರಾದರೂ ತರಿಸಿಕೊಂಡರು ಎನ್ನಿ. ಕೈಗೆ ಬರುವುದು ಮುರಿಯುವ ಗಿಡದ ಬೀಜವೇ ಆಗಿರಬೇಕೆಂದಿಲ್ಲ. ಲಕ್ಷಣ ಮುಚ್ಚಿಟ್ಟುಕೊಂಡವು, ದೋಷವೇ ಇಲ್ಲದವು, ಎಲ್ಲ ಬೆರೆತ ಸಣ್ಣ ಪೊಟ್ಟಣ ಬರಬಹುದು. ಇಪ್ಪತ್ತು ಬೀಜ ನೆನೆಹಾಕಿ, ಸಸಿ ಮಾಡಿ, ಒಂದೊಂದಕ್ಕೂ ನಂಬರ್ ಕಟ್ಟಿ, ಎಲೆಯ ಚೂರು ಕತ್ತರಿಸಿ ಪಿಸಿಆರ್‌ಗೆ ಇಟ್ಟು, ದಂಟು ಬಲಿತ ಮೇಲೆ ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ದಂಟನ್ನು ಬಗ್ಗಿಸುತ್ತ ಹೋಗಬೇಕು. ಎಷ್ಟನೇ ನಂಬರಿನವು ಮುರಿದವು ಎಂದು ಬರೆದುಕೊಂಡು, ಆಮೇಲೆ ಪಿಸಿಆರ್ ಫಲಿತಾಂಶ ತೋರುವ ಜೆಲ್‌ನ ಚಿತ್ರ ಪಕ್ಕದಲ್ಲಿಟ್ಟು ನೋಡಬೇಕು, ಅವೇ ನಂಬರುಗಳೋ ಅಲ್ಲವೋ ಎಂದು.